ಗುಡುವಾಂಚೇರಿಯ ದೊಡ್ಡಮ್ಮ

ನಮ್ಮಪ್ಪ ತಿರುಮಲರಾಯರಿಗೆ ಸಂಗೀತವೆಂದರೆ ಪ್ರಾಣ. ಕಿವಿ ಮಾತ್ರ ಇರಲಿಲ್ಲ. ಕಿವುಡರೆಂದಲ್ಲ, ಮೂರನೇ ಬೀದಿಯಲ್ಲಿ ಹಾಲಿನವನ ಸೈಕಲ್ ಬೆಲ್ ಆದರೂ ಅವರಿಗೆ ಕೇಳುತ್ತಿತ್ತು. ಆದರೆ ಒಂದು ರಾಗಕ್ಕೂ ಇನ್ನೊಂದು ರಾಗಕ್ಕೂ ಏನು ವ್ಯತ್ಯಾಸ ಎನ್ನುವುದು ಆ ಕಿವಿಗಳಿಗೆ ಕೊನೆಯವರೆಗೂ ತಿಳಿಯಲಿಲ್ಲ. ಮೋಹನ ಹಾಡಿದರೂ ತಲೆದೂಗುವರು, ಮುಖಾರಿ ಹಾಡಿದರೂ ತಲೆದೂಗುವರು. "ಎರಡೂ ಒಂದೇ ಥರ ಇದೆಯಲ್ಲೇ ಪುಟ್ಟೀ?" ಎಂದು ನನ್ನನ್ನೇ ಕೇಳುವರು. ಇಂಥಾ ಮಹಾನುಭಾವರು ತ್ರಿಪ್ಲಿಕೇನಿನ ಶ್ರೀ ಗಾನವಿನೋದ ಸಭಾದ ಚಪ್ಪರದಲ್ಲಿ ಮೂರು ವರ್ಷ ದೊಡ್ಡ ರಾಗಜ್ಞಾನಿ ಎಂದು ಮೆರೆದರು. ಆ ಹೆಸರು ನಿಜವಾಗಿ ಯಾರದ್ದು ಎಂದು ಹೇಳಲಿಕ್ಕೇ ನಾನೀಗ ಕೂತಿರುವುದು.

ಅಪ್ಪ ರೈಲ್ವೆಯಲ್ಲಿ ಗುಮಾಸ್ತರು. ಕೋಲಾರದ ಕಡೆಯಿಂದ ಇಪ್ಪತ್ತನೇ ವಯಸ್ಸಿಗೆ ಮದರಾಸಿಗೆ ಬಂದವರು. ನಮ್ಮ ಮನೆ ತಾಂಬರಂನ ರೈಲ್ವೆ ಕ್ವಾರ್ಟರ್ಸಿನಲ್ಲಿ. ಅಪ್ಪನಿಗೆ ಸಿಗರೇಟಿಲ್ಲ, ಇಸ್ಪೀಟಿಲ್ಲ, ಸಿನಿಮಾ ಕೂಡ ಇಲ್ಲ. ಇದ್ದದ್ದು ಒಂದೇ ಹುಚ್ಚು. ಡಿಸೆಂಬರ್ ಬಂದು ಸಂಗೀತ ಕಚೇರಿಗಳ ಸೀಸನ್ ಶುರುವಾಯಿತೆಂದರೆ ಆಫೀಸಿನಿಂದ ನೇರ ಸಭಾಗೆ. ಅಮ್ಮನನ್ನು ಕರೆದುಕೊಂಡು ಹೋಗಬಹುದಿತ್ತು. ಆದರೆ ಅಮ್ಮ ಕೌಸಲ್ಯಾದೇವಿ ಮೊದಲ ವರ್ಷವೇ ಕೈ ಮುಗಿದುಬಿಟ್ಟಿದ್ದಳು. "ನಾಲ್ಕು ಗಂಟೆ ಮಡಕೆ ಬಡಿಯೋದು ಕೇಳೋಕೆ ನನ್ನ ಕೈಲಾಗಲ್ಲ. ಆ ಹುಡುಗೀನ ಕರ್ಕೊಂಡು ಹೋಗಿ" ಎಂದು ನನ್ನನ್ನು ಮುಂದೆ ತಳ್ಳಿದಳು. ಹಾಗಾಗಿ ಹನ್ನೆರಡನೇ ವಯಸ್ಸಿನಿಂದ ಸ್ಕೂಲು ಬಿಟ್ಟೊಡನೆ ಎಲೆಕ್ಟ್ರಿಕ್ ಟ್ರೈನು ಹತ್ತಿ ಎಗ್ಮೋರಿನಲ್ಲಿ ಅಪ್ಪನನ್ನು ಸೇರುವುದು ನನ್ನ ಪಾಲಿಗೆ ಬಂತು.

ನನಗೆ ಕಿವಿಯಿತ್ತು. ಹೊಗಳಿಕೊಳ್ಳುವುದಲ್ಲ, ಇತ್ತು. ಕ್ವಾರ್ಟರ್ಸಿನ ಪಕ್ಕದ ಮನೆಯಲ್ಲಿ ದಿನಾ ಸಾಯಂಕಾಲ ಪಾಟ್ಟು ಕ್ಲಾಸು, ಅಂದರೆ ಹಾಡಿನ ಪಾಠ, ನಡೆಯುತ್ತಿತ್ತು. ಅಲ್ಲಿ ಹತ್ತು ಹುಡುಗಿಯರು ಕೂತು ಕಲಿತದ್ದಕ್ಕಿಂತ ಹೆಚ್ಚು ನಾನು ಗೋಡೆಯ ಈಚೆ ಲೆಕ್ಕ ಮಾಡುತ್ತಾ ಕಲಿತುಬಿಟ್ಟಿದ್ದೆ. ಒಂದು ಎಳೆ ಕೇಳಿದರೆ ಸಾಕು, ಇದು ಅದೇ ಅಂತ ಗೊತ್ತಾಗುತ್ತಿತ್ತು. ಹೇಗೆ ಅಂದರೆ ಹೇಳಲಾರೆ. ಕತ್ತಲಲ್ಲಿ ಕೆಮ್ಮಿದ್ದು ಅಪ್ಪನೋ ಅಮ್ಮನೋ ಅಂತ ಗೊತ್ತಾಗುವುದಿಲ್ಲವೇ, ಹಾಗೆ.

ಮೊದಲ ಸೀಸನ್ನಿನಲ್ಲೇ ಅನಾಹುತ ಶುರುವಾಯಿತು. ಗಾಯಕರು ಶ್ರುತಿ ಹಿಡಿದು ಎರಡು ಸ್ವರ ತೆಗೆದದ್ದೇ ತಡ, ನಾನು ಅಪ್ಪನ ಕಿವಿಯಲ್ಲಿ "ಹಂಸಧ್ವನಿ" ಎಂದೆ. ಅಪ್ಪ ಖುಷಿಯಲ್ಲಿ "ಓಹೋ, ಹಂಸಧ್ವನಿ!" ಎಂದು ಗಟ್ಟಿಯಾಗಿ ಅಂದುಬಿಟ್ಟರು. ಪಕ್ಕದಲ್ಲಿ ಪಟ್ಟಾಭಿ ಮಾಮ ಕೂತಿದ್ದರು. ಬ್ಯಾಂಕಿನವರು, ತ್ರಿಪ್ಲಿಕೇನಿನ ಹಳೇ ಕುಳ, ನಲವತ್ತು ವರ್ಷದಿಂದ ಕಚೇರಿ ಕೇಳಿದವರು. ಅವರು ತಿರುಗಿ ಅಪ್ಪನನ್ನು ಮೇಲಿಂದ ಕೆಳಗೆ ನೋಡಿದರು. ಅವರ ಮಾತೆಲ್ಲ ತಮಿಳು, ನಾನು ಕನ್ನಡ ಮಾಡಿ ಹೇಳುತ್ತೇನೆ. "ಅಡಡಾ! ಅವರು ಇನ್ನೂ ಬಾಯಿ ಬಿಡೋದರೊಳಗೆ ಹಿಡಿದುಬಿಟ್ಟರಲ್ಲ ರಾವ್ ಸಾರ್! ಎಂಥಾ ಕಿವಿ ನಿಮ್ಮದು!"

ಅಪ್ಪ ಆಗಲೇ "ಇಲ್ಲಪ್ಪಾ, ನನ್ನ ಮಗಳು ಹೇಳಿದ್ದು" ಅನ್ನಬಹುದಿತ್ತು. ಅನ್ನಲಿಲ್ಲ. ಜೀವಮಾನವೆಲ್ಲ ಹಿಂದಿನ ಸಾಲಿನಲ್ಲಿ ಕೂತವರು, ಆಫೀಸಿನಲ್ಲೂ ಒಂದು ದಿನ ಯಾರೂ ಭೇಷ್ ಅಂದಿರಲಿಲ್ಲ. ಆ ಹೊಗಳಿಕೆ ಬಾಯಿಗೆ ಬಿದ್ದ ಸಕ್ಕರೆಯಂತೆ ಕರಗಿಹೋಯಿತು. ಮಾರನೇ ದಿನ ಪಟ್ಟಾಭಿ ಮಾಮ ನಮಗೋಸ್ಕರ ಎರಡು ಕುರ್ಚಿಗೆ ಟವೆಲು ಹಾಸಿ ಜಾಗ ಹಿಡಿದಿದ್ದರು. ಆಮೇಲೆ ಬಿಡುವುದು ಹೇಗೆ?

ಒಂದು ತೊಂದರೆ ಎದುರಾಯಿತು. ನಾನು ಪಿಸುಗುಟ್ಟಿದರೆ ಅಕ್ಕಪಕ್ಕದ ಮಾಮಿಯರಿಗೆ ಕೇಳುತ್ತದೆ. ಕನ್ನಡದಲ್ಲಿ ಹೇಳೋಣವೆಂದರೆ, ಯಾವ ಭಾಷೆಯಲ್ಲಿ ಹೇಳಿದರೂ ಕಲ್ಯಾಣಿ ಕಲ್ಯಾಣಿಯೇ, ತೋಡಿ ತೋಡಿಯೇ. ಆಗ ಅಪ್ಪನ ರೈಲ್ವೆ ತಲೆ ಓಡಿತು. ಒಂದು ಭಾನುವಾರ ಟೈಮ್ ಟೇಬಲ್ ಮುಂದಿಟ್ಟುಕೊಂಡು ಬೀಚ್ ಸ್ಟೇಷನ್ನಿನಿಂದ ತಾಂಬರಂವರೆಗೆ ಒಂದೊಂದು ಸ್ಟೇಷನ್ನಿಗೆ ಒಂದೊಂದು ರಾಗ ಹಂಚಿದರು. ಕಚೇರಿಯ ಮೊದಲಿಗೆ ಬರುವ ಹಂಸಧ್ವನಿಗೆ ಬೀಚ್. ಕಲ್ಯಾಣಿಗೆ ಎಗ್ಮೋರ್. ಮೋಹನಕ್ಕೆ ಮಾಂಬಲಂ. ಶಂಕರಾಭರಣಕ್ಕೆ ಸೈದಾಪೇಟೆ. ತೋಡಿ ಬಹಳ ದೊಡ್ಡ ರಾಗ ಎಂದು ಎಲ್ಲೋ ಕೇಳಿದ್ದರಿಂದ ಅದನ್ನು ನಮ್ಮ ತಾಂಬರಂಗೇ ಇಟ್ಟುಕೊಂಡರು. ಅಪರೂಪದ ರಾಗಗಳಿಗೆ ತಾಂಬರಂ ದಾಟಿ ಚೆಂಗಲ್ಪಟ್ಟಿನ ದಾರಿಯ ಸ್ಟೇಷನ್ನುಗಳು. ನಾಯಕಿ ರಾಗಕ್ಕೆ ಗುಡುವಾಂಚೇರಿ ಬಂತು. ಸ್ಟೇಷನ್ನುಗಳು ಅಪ್ಪನಿಗೆ ನಿದ್ದೆಯಲ್ಲೂ ಬಾಯಿಪಾಠ. ಒಂದು ವಾರದಲ್ಲಿ ಹೆಸರು ಹೇಳಿದರೆ ಸಾಕು, ರಾಗ ಟಣ್ಣನೆ ಹೊರಗೆ ಬರುತ್ತಿತ್ತು.

ಮೂರು ಸೀಸನ್ ಹೀಗೇ ನಡೆಯಿತು. ಆಲಾಪನೆ ಶುರುವಾದೊಡನೆ ನಾನು "ಅಪ್ಪಾ, ಮಾಂಬಲಂ" ಅನ್ನುವುದು, ಅಪ್ಪ ಒಂದು ನಿಮಿಷ ಕಣ್ಣು ಮುಚ್ಚಿ ಮಹಾ ಯೋಚನೆ ಮಾಡಿದಂತೆ ನಟಿಸಿ "ಮೋಹನ" ಅನ್ನುವುದು, ಪಟ್ಟಾಭಿ ಮಾಮ ತೊಡೆ ತಟ್ಟುವುದು. ಸ್ಟೇಷನ್ ಹೆಸರು ಕೇಳಿಸಿಕೊಂಡ ಮಾಮಿಯರು, ಪಾಪ, ಮಗುವಿಗೆ ಮನೆಗೆ ಹೋಗುವ ಯೋಚನೆ ಎಂದುಕೊಂಡರು. ಒಂದು ಸಲ ನಾನು "ಗುಡುವಾಂಚೇರಿ" ಎಂದಾಗ ಪಟ್ಟಾಭಿ ಮಾಮನಿಗೆ ಅನುಮಾನ ಬಂತು. "ನಿಮ್ಮ ಮನೆ ತಾಂಬರಂ ಅಲ್ಲವಾ? ಗುಡುವಾಂಚೇರಿಯಲ್ಲಿ ಏನು ಕೆಲಸ?" ಅಪ್ಪ ತಡಬಡಿಸಿ, "ಅಲ್ಲಿ ಅವಳ ದೊಡ್ಡಮ್ಮ ಇದ್ದಾಳೆ. ಮಂಡಿನೋವು. ಇವಳಿಗೆ ಯಾವಾಗಲೂ ಅವಳದ್ದೇ ಚಿಂತೆ" ಎಂದರು. ಅಯ್ಯೋ ರಾಮ! ಮಾಮ ಎಷ್ಟು ಒಳ್ಳೆಯವರೆಂದರೆ, ಮಾರನೇ ವಾರ ಒಂದು ಬಾಟಲಿ ನೋವಿನ ಎಣ್ಣೆ ತಂದುಕೊಟ್ಟರು. ಆಮೇಲೆ ಪ್ರತಿ ಸೀಸನ್ನೂ ದೊಡ್ಡಮ್ಮನ ಮಂಡಿಯ ಯೋಗಕ್ಷೇಮ ವಿಚಾರಿಸುತ್ತಿದ್ದರು. ಇಲ್ಲದ ಹೆಂಗಸಿನ ಇಲ್ಲದ ಮಂಡಿಗೆ ನಾನು ಉತ್ತರ ಹೇಳಬೇಕು!

ಹನ್ನೆರಡಕ್ಕೆ ಇದೆಲ್ಲ ಆಟವಾಗಿತ್ತು. ಹದಿನೈದಕ್ಕೆ ಉರಿಯತೊಡಗಿತು. ನಮ್ಮ ಸಾಲಿನ ತುದಿಯಲ್ಲಿ ಜಯಲಕ್ಷ್ಮೀ ಮಾಮಿ ಅಂತ ಒಬ್ಬರು ಕೂರುತ್ತಿದ್ದರು. ಕಾಲೇಜಿನಲ್ಲಿ ಸಂಗೀತ ಕಲಿಸಿ ನಿವೃತ್ತರಾದವರು. ಯಾರೊಡನೆಯೂ ಹೆಚ್ಚು ಮಾತಿಲ್ಲ, ತೊಡೆಯ ಮೇಲೆ ತಾಳ ಹಾಕುತ್ತಾ ಕೂರುವುದು. ರಾಗದ ಬಗ್ಗೆ ಜಗಳ ಬಂದರೆ ಎಲ್ಲರೂ ಅವರ ಮುಖ ನೋಡುವರು, ಅವರು ತಲೆಯಾಡಿಸಿದರೆ ಮುಗಿಯಿತು. ಆ ಮಾಮಿ ಅಪ್ಪನ ಕಡೆ ತಿರುಗಿ ಮೆಚ್ಚಿಗೆಯಿಂದ ತಲೆಯಾಡಿಸುವಾಗ ನನ್ನ ಹೊಟ್ಟೆಯಲ್ಲಿ ಕಿಚ್ಚು. ಅದು ನನಗೆ ಸೇರಬೇಕಾದ್ದು. ಅವರ ಹತ್ತಿರ ಕಲಿಯಬೇಕೆಂಬ ಆಸೆ ನನಗೆ ಎಷ್ಟಿತ್ತೋ ಹೇಳಲಾರೆ. ಆದರೆ ಅವರ ಕಣ್ಣಿಗೆ ನಾನು ಟ್ರೈನಿಗೆ ಕಾಯುತ್ತಾ ಕೂತ ಪೆದ್ದು ಹುಡುಗಿ. ಎಪ್ಪತ್ತೆಂಟರ ಡಿಸೆಂಬರಿನಲ್ಲಿ ನಾನು ಅಪ್ಪನಿಗೆ ಹೇಳಿಯೇ ಬಿಟ್ಟೆ. "ಈ ವರ್ಷ ಮಾಮಿಗೆ ನಿಜ ಹೇಳ್ಬೇಕು ನೀವು." ಅಪ್ಪ "ಹೇಳ್ತೀನಿ ಕಣೇ, ಸಮಯ ನೋಡಿ ಹೇಳ್ತೀನಿ" ಎಂದರು. ಅರ್ಧ ಸೀಸನ್ ಕಳೆಯಿತು, ಆ ಸಮಯ ಬರಲಿಲ್ಲ.

ಆ ಶನಿವಾರ ದೊಡ್ಡ ವಿದ್ವಾಂಸರೊಬ್ಬರ ಕಚೇರಿ. ಪಟ್ಟಾಭಿ ಮಾಮ ತಮ್ಮ ಬೀಗರನ್ನು ತಿರುಚ್ಚಿಯಿಂದ ಕರೆಸಿದ್ದರು. ಕಚೇರಿಗೆ ಮೊದಲು ಸಭಾದ ಕ್ಯಾಂಟೀನಿನಲ್ಲಿ ಎಲ್ಲರೂ ಕೂತೆವು. ಬೀಗರು ಬಲು ಗತ್ತಿನವರು. ವಡೆ ಮುರಿಯುತ್ತಾ "ಇವರೇನಾ ನಿಮ್ಮ ರಾಗಜ್ಞಾನಿ?" ಎಂದು ಅಪ್ಪನನ್ನು ನೋಡಿದರು. "ಇವರೇ" ಎಂದು ಮಾಮ ಎದೆ ಉಬ್ಬಿಸಿದರು. "ಮೂರು ವರ್ಷದಲ್ಲಿ ಒಂದು ಸಲ ತಪ್ಪಿಲ್ಲ. ಆದರೆ ನೋಡಿ, ದೇವರ ಆಟ. ಇಂಥವರಿಗೆ ಇಂಥಾ ಮಗಳು. ಕಚೇರಿಯ ಮಧ್ಯೆ ಮಾಂಬಲಂ ಯಾವಾಗ, ಸೈದಾಪೇಟೆ ಯಾವಾಗ ಅಂತ ಅದೇ ಧ್ಯಾನ. ಸಂಗೀತ ಒಂದು ಚೂರೂ ತಲೆಗೆ ಹತ್ತಲಿಲ್ಲ!"

ನಾನು ಅಪ್ಪನ ಮುಖ ನೋಡಿದೆ. ಈಗ ಹೇಳುತ್ತಾರೆ ಅಂದುಕೊಂಡೆ. ಜಯಲಕ್ಷ್ಮೀ ಮಾಮಿ ಪಕ್ಕದ ಮೇಜಿನಲ್ಲೇ ಕಾಫಿ ಆರಿಸುತ್ತಿದ್ದರು. ಇದಕ್ಕಿಂತ ಒಳ್ಳೇ ಸಮಯ ಇನ್ನು ಯಾವುದು? ಅಪ್ಪ ಹೆ ಹೆ ಎಂದು ನಕ್ಕರು. "ಏನು ಮಾಡೋದು, ಅವಳಿಗೆ ಸಿನಿಮಾ ಹಾಡೇ ಸಂಗೀತ" ಎಂದುಬಿಟ್ಟರು.

ನನಗೆ ಮೈಯೆಲ್ಲ ಕೆಂಡವಾಯಿತು. ತಟ್ಟೆ ತಳ್ಳಿ ಎದ್ದು ನಡೆದೆ. ಅಪ್ಪ ಹಿಂದೆಯೇ ಓಡಿಬಂದರು. "ಪುಟ್ಟೀ, ಬೀಗರ ಎದುರಿಗೆ ಹೆಂಗೆ ಹೇಳಲಿ..." "ಪೋಪ್ಪಾ!" ಎಂದು ನಾನು ಕೂಗಿದೆ. "ತಮಿಳಲ್ಲಿ ಬೈಬೇಡ ಕಣೇ, ಕನ್ನಡದಲ್ಲೇ ಬೈಯಿ" ಎಂದು ನಗಿಸಲು ನೋಡಿದರು. ನಾನು ಮುಖ ತಿರುಗಿಸಿಕೊಂಡು ಒಳಗೆ ಹೋಗಿ ಕುರ್ಚಿಯಲ್ಲಿ ಕೂತೆ.

ವಿದ್ವಾಂಸರು ಎರಡು ಸಣ್ಣ ಹಾಡು ಮುಗಿಸಿ ಆ ದಿನದ ಮುಖ್ಯ ರಾಗಕ್ಕೆ ಬಂದರು. ಕಲ್ಯಾಣಿ. ಸೂರ್ಯ ಹುಟ್ಟಿದಷ್ಟು ಸ್ಪಷ್ಟ. ಕ್ಯಾಂಟೀನಿನಲ್ಲಿ ವಡೆ ಕರಿಯುವವನಿಗೂ ಗೊತ್ತಾಗುವಂಥ ಕಲ್ಯಾಣಿ. ಪಟ್ಟಾಭಿ ಮಾಮನಿಗೆ ಗೊತ್ತಿಲ್ಲದೇ ಇರುತ್ತದೆಯೇ? ಆದರೂ ಬೀಗರಿಗೆ ನಮ್ಮಪ್ಪನನ್ನು ತೋರಿಸಬೇಕಲ್ಲ. "ರಾವ್ ಸಾರ್, ಸ್ವಲ್ಪ ಇವರಿಗೆ ಹೇಳಿ" ಎಂದರು. ಅಪ್ಪ ಎಂದಿನಂತೆ ನನ್ನ ಕಡೆ ಕಿವಿ ವಾಲಿಸಿದರು.

"ತಾಂಬರಂ" ಎಂದೆ.

ಅಂದ ಮೇಲೆ ತಪ್ಪು ಮಾಡಿದೆ ಅನ್ನಿಸಿತು. ತಡೆಯೋಣವೆನ್ನುವಷ್ಟರಲ್ಲಿ ಅಪ್ಪ ಕಣ್ಣು ಮುಚ್ಚಿ, ತೆರೆದು, ಗಾಯಕರು ಉಸಿರು ತೆಗೆದುಕೊಳ್ಳುತ್ತಿದ್ದ ಆ ನಿಶ್ಶಬ್ದದಲ್ಲೇ, "ತೋಡಿ! ಆಹಾ, ಎಂಥಾ ತೋಡಿ!" ಎಂದುಬಿಟ್ಟರು.

ಮೂರು ಸಾಲು ಒಟ್ಟಿಗೆ ಹಿಂದಕ್ಕೆ ತಿರುಗಿತು. ಜಯಲಕ್ಷ್ಮೀ ಮಾಮಿಯ ತಾಳದ ಕೈ ಗಾಳಿಯಲ್ಲೇ ನಿಂತಿತು. ಯಾರೋ ಕಿಸಕ್ಕೆಂದರು, ಆಮೇಲೆ ಸಾಲಿಗೆ ಸಾಲೇ ಬಾಯಿಗೆ ಟವೆಲು ಒತ್ತಿಕೊಂಡು ನಕ್ಕಿತು. ಬೀಗರು ಪಟ್ಟಾಭಿ ಮಾಮನ ಕಡೆ ಹುಬ್ಬೇರಿಸಿದರು. ಮಾಮ ಗಾಬರಿಯಾಗಿ, "ತಮಾಷೆ, ತಮಾಷೆ! ರಾವ್ ನಮ್ಮನ್ನು ಪರೀಕ್ಷೆ ಮಾಡ್ತಿದಾರೆ. ಅಲ್ಲವಾ ರಾವ್?" ಎಂದರು.

ಎಷ್ಟು ಸುಲಭವಾಗಿತ್ತು! ಹೂಂ ಅಂದಿದ್ದರೆ ಸಾಕಿತ್ತು. ಎಲ್ಲರೂ ನಕ್ಕು ಮರೆಯುತ್ತಿದ್ದರು, ಹೆಸರೂ ಉಳಿಯುತ್ತಿತ್ತು. ಅಪ್ಪ ಹೂಂ ಅನ್ನಲಿಲ್ಲ. ತಿರುಗಿ ನನ್ನನ್ನು ನೋಡಿದರು. ನಾನು ತಲೆ ತಗ್ಗಿಸಿ ದಾವಣಿಯ ಅಂಚು ಹಿಸುಕುತ್ತಾ ಕೂತಿದ್ದೆ. ಅವರಿಗೆ ಅರ್ಥವಾಯಿತು ಅಂತ ನನಗೆ ಅರ್ಥವಾಯಿತು. ಆಮೇಲೆ ಅವರು ವೇದಿಕೆಯ ಕಡೆ ತಿರುಗಿ ಕಚೇರಿ ಕೇಳಿದರು. ವಿದ್ವಾಂಸರು ಮೇಲಿನ ಷಡ್ಜದಲ್ಲಿ ನಿಂತಾಗ ಯಾವಾಗಿನಂತೆ ಅವರ ಕಣ್ಣಲ್ಲಿ ನೀರು ಇಳಿಯಿತು. ಅದೊಂದು ವಿಚಿತ್ರ. ಹೆಸರು ಗೊತ್ತಿಲ್ಲ, ಸ್ವರ ಗೊತ್ತಿಲ್ಲ, ಅಳಬೇಕಾದ ಜಾಗ ಮಾತ್ರ ಒಂದು ದಿನವೂ ತಪ್ಪುತ್ತಿರಲಿಲ್ಲ. ಅದನ್ನು ನೋಡಿ ನನಗೂ ಅಳು ಬಂತು. ಇಂಥವರನ್ನು ಹತ್ತು ಜನರ ಮುಂದೆ ನಗೆಗೀಡು ಮಾಡಿದೆನಲ್ಲ ಎಂದು ನಾಚಿಕೆಯಾಯಿತು.

ಹಾಡು ಮುಗಿದು ಮೃದಂಗದವರೂ ಘಟದವರೂ ತನಿ ಶುರುಮಾಡಿದರು. ಗಾಯಕರು ಸುಮ್ಮನೆ ಕೂತು ತಾಳದವರು ಮಾತ್ರ ನುಡಿಸುವ ಹೊತ್ತು ಅದು. ಮದರಾಸಿನಲ್ಲಿ ತನಿ ಶುರುವಾಯಿತೆಂದರೆ ಅರ್ಧ ಸಭೆ ಎದ್ದು ಕ್ಯಾಂಟೀನಿಗೆ ನುಗ್ಗುತ್ತದೆ. ಅಪ್ಪ ಎಂದೂ ಎದ್ದವರಲ್ಲ, "ಪಾಪ, ಅಷ್ಟು ಕಷ್ಟಪಟ್ಟು ನುಡಿಸ್ತಾರೆ, ಎದ್ದು ಹೋಗೋದಾ?" ಅನ್ನುವವರು. ಆ ದಿನ ಎದ್ದರು. ನನ್ನ ಕೈ ಹಿಡಿದು ನೇರ ಕ್ಯಾಂಟೀನಿಗೆ ನಡೆದರು.

ಅಲ್ಲಿ ಎಲ್ಲರೂ ಇದ್ದರು. ಮಾಮ, ಬೀಗರು, ಮಾಮಿ, ನಕ್ಕ ಮೂರು ಸಾಲು. ಅಪ್ಪ ಆಫೀಸರ ಮುಂದೆ ನಿಂತ ಹಾಗೆ ಕೈ ಕಟ್ಟಿ ನಿಂತರು. "ಪಟ್ಟಾಭಿ, ಅದು ತಮಾಷೆ ಅಲ್ಲ" ಎಂದರು. "ನನಗೆ ಕಲ್ಯಾಣಿನೂ ಗೊತ್ತಿಲ್ಲ, ತೋಡಿನೂ ಗೊತ್ತಿಲ್ಲ. ಮೂರು ವರ್ಷದಿಂದ ಹೇಳ್ತಾ ಇರೋಳು ಇವಳು. ನಾನು ಬರೀ ಬಾಯಿ."

ಕಾಫಿ ಲೋಟಗಳೆಲ್ಲ ನಿಂತವು. ಬೀಗರು ದೊಡ್ಡತನದಿಂದ, "ಹೋಗಲಿ ಬಿಡಿ. ಮಗು ತಾನೆ, ಇವತ್ತು ತಪ್ಪು ಹೇಳಿಬಿಟ್ಟಿದೆ" ಎಂದರು.

ಅಪ್ಪನಿಗೆ ಕೋಪ ಬಂದದ್ದನ್ನು ನಾನು ನೋಡಿದ್ದು ಜೀವಮಾನದಲ್ಲಿ ಅದೊಂದೇ ಸಲ. "ಇವಳು ತಪ್ಪು ಹೇಳೋಳಲ್ಲ ಸ್ವಾಮೀ!" ಎಂದು ಗುಡುಗಿದರು. "ಇವಳ ಕಿವಿ ತಪ್ಪೋದೇ ಇಲ್ಲ. ಆಗ ನೀವೆಲ್ಲ ಇವಳನ್ನ ಆಡಿಕೊಂಡಾಗ ನಾನೂ ಸೇರಿಕೊಂಡು ಹಲ್ಲು ಕಿರಿದೆನಲ್ಲ, ಅದಕ್ಕೆ ಬೇಕೂ ಅಂತ ಹೇಳಿದಾಳೆ. ನನಗೆ ಆಗಬೇಕಾದ್ದೇ!"

ನಾನು ಅಲ್ಲೇ ಗೊಳೋ ಎಂದು ಅತ್ತೆ. ಹದಿನೈದು ವರ್ಷದ ಹುಡುಗಿ, ದಾವಣಿ ಹಾಕಿಕೊಂಡು, ಕ್ಯಾಂಟೀನಿನ ನಡುವೆ. ಜಯಲಕ್ಷ್ಮೀ ಮಾಮಿ ಲೋಟ ಕೆಳಗಿಟ್ಟು ಎದ್ದು ಬಂದರು. ಸಮಾಧಾನ ಮಾಡುತ್ತಾರೆಂದುಕೊಂಡರೆ, ಅದೆಲ್ಲ ಇಲ್ಲ. ನನ್ನ ಮುಂದೆ ನಿಂತು, ಬಾಯಿ ಮುಚ್ಚಿಕೊಂಡೇ, ಮೂಗಿನಲ್ಲಿ ಒಂದು ಎಳೆ ಗುನುಗಿದರು. ಪಟ್ಟಾಭಿ ಮಾಮ "ದರ್ಬಾರ್" ಎಂದು ಮೆಲ್ಲಗೆ ಅಂದರು. ಅಲ್ಲ, ದರ್ಬಾರ್ ಅಲ್ಲ. ಅದರ ಪಕ್ಕದ ಮನೆಯ ರಾಗ. ಮೂಗು ಸುರಿಯುತ್ತಿತ್ತು, ತಲೆ ಓಡಲಿಲ್ಲ, ಮೂರು ವರ್ಷದ ಅಭ್ಯಾಸ ಬಾಯಿಗೆ ಬಂತು.

"ಗುಡುವಾಂಚೇರಿ!" ಎಂದೆ.

ಮಾಮಿ ಕಕ್ಕಾಬಿಕ್ಕಿ. ಬೀಗರು ಕಕ್ಕಾಬಿಕ್ಕಿ. "ಅಡ ಪಾವಮೇ, ಈಗಲೂ ಅದಕ್ಕೆ ದೊಡ್ಡಮ್ಮನದ್ದೇ ಚಿಂತೆ" ಎಂದು ಪಟ್ಟಾಭಿ ಮಾಮ ಮರುಗಿದರು. ಅಪ್ಪ ಮಾತ್ರ ಎರಡು ಕೈ ಮೇಲೆತ್ತಿ, "ನಾಯಕಿ! ನಾಯಕಿ ಅಂತ ಹೇಳ್ತಿದಾಳೆ ಮಾಮಿ!" ಎಂದು ಕೂಗಿದರು. ಮಾಮಿ ನನ್ನನ್ನೇ ನೋಡುತ್ತಾ ನಿಧಾನವಾಗಿ ತಲೆಯಾಡಿಸಿದರು. ಆ ತಲೆಯಾಡಿಸುವಿಕೆಗೆ ನಾನು ಮೂರು ವರ್ಷ ಕಾದಿದ್ದೆ.

ಆಮೇಲೆ ಅಪ್ಪ ಸ್ಟೇಷನ್ನುಗಳ ಗುಟ್ಟನ್ನೆಲ್ಲ ಬಿಚ್ಚಿಟ್ಟರು. ಪಟ್ಟಾಭಿ ಮಾಮ ಬೆರಳು ಮಡಿಸುತ್ತಾ ಕೇಳಿದರು. "ಹಾಗಾದರೆ ಮಾಂಬಲಂ ಮೋಹನ. ಸೈದಾಪೇಟೆ ಶಂಕರಾಭರಣ. ಗುಡುವಾಂಚೇರಿ ನಾಯಕಿ..." ಥಟ್ಟನೆ ನಿಂತರು. "ಅಯ್ಯಾ ರಾವ್! ಆ ದೊಡ್ಡಮ್ಮ? ನಾನು ಎಣ್ಣೆ ಕೊಟ್ಟೆನಲ್ಲಯ್ಯಾ!"

"ದೊಡ್ಡಮ್ಮ ಇಲ್ಲ. ಎಣ್ಣೆ ನಾನೇ ಹಚ್ಚಿಕೊಂಡೆ. ಒಳ್ಳೇ ಗುಣ ಕೊಡ್ತು" ಎಂದರು ಅಪ್ಪ.

ಬೀಗರು ಮೊದಲು ನಕ್ಕರು. ಅಷ್ಟು ಗತ್ತಿನವರು, ಬಾಯಲ್ಲಿದ್ದ ಕಾಫಿ ಮೂಗಿಗೇರಿ ಕೆಮ್ಮಿ ಕೆಮ್ಮಿ ನಕ್ಕರು. ಮಾಮ ಎರಡು ನಿಮಿಷ ಮುಖ ಊದಿಸಿಕೊಂಡು ನೋಡಿದರು, ಆಗಲಿಲ್ಲ, ಅಪ್ಪನ ಬೆನ್ನಿಗೆ ಒಂದು ಗುದ್ದು ಗುದ್ದಿ ಅವರೂ ನಕ್ಕರು. ನಾವೆಲ್ಲ ಒಳಗೆ ಬಂದಾಗ ತನಿ ಮುಗಿಯುತ್ತಾ ಬಂದಿತ್ತು. ಮಾಮಿ ಬೇರೇನೂ ಹೇಳದೆ ತಮ್ಮ ಪಕ್ಕದ ಕುರ್ಚಿಯ ಮೇಲಿದ್ದ ಚೀಲ ತೆಗೆದು ನನಗೆ ಜಾಗ ಮಾಡಿದರು. ಅಪ್ಪನಿಗೆ ಸಾಲಿನ ತುದಿ ಸಿಕ್ಕಿತು, ಕಂಬದ ಹಿಂದೆ. ಅಲ್ಲಿಂದಲೇ ಅವರು ಮುಂದೆ ಹತ್ತು ಸೀಸನ್ ಕೇಳಿದರು. ನಾನು ಪ್ರತಿ ಭಾನುವಾರ ಮಾಮಿಯ ಮನೆಗೆ ಪಾಠಕ್ಕೆ ಹೋಗುವಾಗ ಜೊತೆಗೆ ಬಂದು ಜಗುಲಿಯಲ್ಲಿ ಪೇಪರ್ ಓದುತ್ತಾ ಕಾಯುತ್ತಿದ್ದರು. "ಇವತ್ತು ಯಾವ ಸ್ಟೇಷನ್?" ಎಂದು ಕೇಳುತ್ತಿದ್ದರೇ ಹೊರತು ರಾಗದ ಹೆಸರು ಒಂದನ್ನೂ ಕಲಿಯಲಿಲ್ಲ.

ಆ ರಾತ್ರಿ ಎಗ್ಮೋರಿನಲ್ಲಿ ಟ್ರೈನು ಹತ್ತಿದಾಗ ಬೋಗಿಯಲ್ಲಿ ನಾಲ್ಕೈದು ಜನ ಇದ್ದರು. ಅಪ್ಪ ಕಿಟಕಿಯ ಹೊರಗೆ ನೋಡುತ್ತಾ ಕೂತರು. ನನಗೆ ಭಯ. "ಅಪ್ಪಾ, ಕೋಪವಾ?" ಎಂದೆ.

"ಕೋಪ ಯಾಕೇ? ಮೂರು ವರ್ಷದಿಂದ ಪ್ರತಿ ಸಲ ಹೆದರಿಕೊಂಡೇ ಕೇಳ್ತಿದ್ದೆ, ಎಲ್ಲಿ ಸಿಕ್ಕಿಬೀಳ್ತೀನೋ ಅಂತ. ಇವತ್ತು ಕೊನೇ ಅರ್ಧ ಗಂಟೆ ಹಾಯಾಗಿ ಕೇಳಿದೆ" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಆದರೂ ಆ ಎಗ್ಮೋರ್ ಎಷ್ಟು ಚೆನ್ನಾಗಿತ್ತು ಅಲ್ವೇ?" ಎಂದರು.

ಆಮೇಲೆ ನಾವಿಬ್ಬರೂ ಒಂದೊಂದು ಸ್ಟೇಷನ್ ಬಂದಾಗಲೂ ಅದರ ರಾಗ ಕೂಗಿದೆವು. ಮಾಂಬಲಂನಲ್ಲಿ ಮೋಹನ ಹಾಡಿದೆ, ಸೈದಾಪೇಟೆಯಲ್ಲಿ ಶಂಕರಾಭರಣ. ಎದುರು ಕೂತಿದ್ದ ಹೂವಿನ ಹೆಂಗಸು ಬುಟ್ಟಿ ಎತ್ತಿಕೊಂಡು ಆಚೆ ಸೀಟಿಗೆ ಹೋದಳು. ಅಪ್ಪ ನಕ್ಕು ನಕ್ಕು ಕಣ್ಣೊರೆಸಿಕೊಂಡರು. ತಾಂಬರಂ ಬಂತು. ಅಪ್ಪ ಕೊಡೆ ಕಂಕುಳಿಗೆ ಸಿಕ್ಕಿಸಿ ಎದ್ದು ಬಾಗಿಲ ಹತ್ತಿರ ಹೋದರು. ಬೋರ್ಡನ್ನೊಮ್ಮೆ ನೋಡಿ, ನನ್ನನ್ನೊಮ್ಮೆ ನೋಡಿದರು.

"ತೋಡಿ" ಎಂದರು. "ಈ ಸಲ ನಿಜವಾಗ್ಲೂ ತೋಡಿ ತಾನೆ? ನಂಬಿ ಇಳೀಲಾ?"